ಹೊಸ ಲಸಿಕೆ: ಕೊಡಿಸಬೇಕೆ, ಕಾಯಬೇಕೆ?

ಹೊಸ ಲಸಿಕೆ ಎಂದರೆ ತಂದೆ-ತಾಯಂದಿರಿಗೆ ಅಳುಕು ಸಹಜ. ಆರೋಗ್ಯವಾಗಿ ಆಡಿಕೊಂಡಿರುವ ಕೂಸಿಗೆ ಔಷಧಿ ಕೊಡಿಸುವ ಮಾತಲ್ಲವೆ? ಈ ಅಳುಕಿನಲ್ಲಿ ಹುರುಳಿದೆ ಎಂಬುದಕ್ಕೂ, ಅಳುಕಿಗೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೂ ರೋಟಾವೈರಸ್ ಲಸಿಕೆಯ ಕಥೆ ಸಾಕ್ಷಿ.

ಎಳೆಯ ಮಕ್ಕಳ ತೀವ್ರ ವಾಂತಿ-ಭೇದಿಗೆ ಮುಖ್ಯ ಕಾರಣವಾದ ಈ ವೈರಸ್ಸನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ಅದರ ಆಕಾರ ಚಕ್ರದಂತೆ. ಲ್ಯಾಟಿನ್‌ನಲ್ಲಿ ‘ರೋಟಾ’ ಎಂದರೆ ಚಕ್ರ. 1998ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಇದರ ವಿರುದ್ಧ ‘ರೋಟಾಶೀಲ್ಡ್’ ಎಂಬ ಲಸಿಕೆಗೆ ಪರವಾನಗಿ ಸಿಕ್ಕಿತು. ವರ್ಷ ತುಂಬುವ ಮೊದಲೇ, 1999ರ ಜುಲೈನಲ್ಲಿ, ಅದನ್ನು ತಡೆಹಿಡಿಯಲಾಯಿತು. ಲಸಿಕೆ ಪಡೆದ 15 ಹಸುಳೆಗಳಲ್ಲಿ ಕರುಳಿನ ಒಂದು ಭಾಗ, ಅಂಗಿಯ ತೋಳು ಒಳಕ್ಕೆ ಮಡಚಿಕೊಂಡಂತೆ, ಪಕ್ಕದ ಭಾಗದೊಳಕ್ಕೆ ಸರಿದು ಸಿಕ್ಕಿಕೊಂಡಿದ್ದ ವರದಿಗಳು ಬಂದಿದ್ದವು. ಅಕ್ಟೋಬರ್‌ನಲ್ಲಿ ಕಂಪನಿ ಲಸಿಕೆಯನ್ನು ಹಿಂತೆಗೆದುಕೊಂಡಿತು.

ಹಾಗಾದರೆ ಪರೀಕ್ಷಿಸದೆಯೇ ಪೇಟೆಗೆ ಬಿಟ್ಟಿದ್ದರೆ? ಇಲ್ಲ. ಸುಮಾರು 10 ಸಾವಿರ ಶಿಶುಗಳಿಗೆ ಕೊಟ್ಟು ನೋಡಿದ್ದರು. 5 ಶಿಶುಗಳಲ್ಲಿ ಈ ತೊಂದರೆ ಕಂಡಿತ್ತು. ಲಸಿಕೆ ಪಡೆಯದ ಮಕ್ಕಳಲ್ಲೂ ಇದು ಅಪರೂಪಕ್ಕೆ ಕಾಣಿಸುವುದರಿಂದ, ಲಸಿಕೆಯೇ ಕಾರಣ ಎನ್ನಲು ಆ ಸಂಖ್ಯೆ ಸಾಲದಾಯಿತು. ಲಕ್ಷಾಂತರ ಮಕ್ಕಳಿಗೆ ಕೊಟ್ಟ ಮೇಲಷ್ಟೇ, 10 ಸಾವಿರಕ್ಕೆ ಸುಮಾರು ಒಂದು ಮಗುವಿಗೆ ಅಪಾಯವಿದೆ ಎಂಬ ಅಂದಾಜು ಸಿಕ್ಕಿತು.

ಅಮೆರಿಕದ ಮಟ್ಟಿಗೆ ಆ ನಿರ್ಧಾರ ಸರಿಯೇ ಇರಬಹುದು. ಅಲ್ಲಿ ರೋಟಾವೈರಸ್‌ನಿಂದ ವರ್ಷಕ್ಕೆ ಸಾಯುತ್ತಿದ್ದ ಮಕ್ಕಳು 20ರಿಂದ 60. ಭಾರತದಲ್ಲಿ, ಲಸಿಕೆ ಬರುವ ಮುನ್ನ, ಈ ಸಂಖ್ಯೆ ಸುಮಾರು 78 ಸಾವಿರ ಎಂಬ ಅಂದಾಜಿತ್ತು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ವರ್ಷಕ್ಕೆ ಎರಡೂವರೆ ಕೋಟಿ ಶಿಶುಗಳಿಗೆ ಅಂಥ ಲಸಿಕೆ ಕೊಟ್ಟರೆ ಕರುಳಿನ ತೊಂದರೆ ಬರಬಹುದಾದವರು 2,500. ಸಕಾಲಕ್ಕೆ ಆಸ್ಪತ್ರೆ ಸೇರಿದರೆ ಅವರಲ್ಲಿ ಬಹುಪಾಲು ಉಳಿಯುತ್ತಾರೆ. ಅದೇ ಲಸಿಕೆ ಅರ್ಧದಷ್ಟು ಸಾವನ್ನು ತಡೆದರೂ ಬದುಕುವವರು 39 ಸಾವಿರ! ಆದರೂ ಬಡ ದೇಶಗಳಲ್ಲಿ ರೋಟಾಶೀಲ್ಡ್ ಬಳಕೆಗೆ ಬರಲಿಲ್ಲ. ಸಿರಿವಂತ ದೇಶ ಬೇಡವೆಂದ ಲಸಿಕೆಯನ್ನು ತಮ್ಮ ಮಕ್ಕಳಿಗೆ ಕೊಡಿ ಎಂದರೆ ಯಾವ ತಾಯಿ ಒಪ್ಪಿಯಾಳು? ಲಸಿಕೆಯಿಂದ ನರಳಿದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಲಸಿಕೆಯಿಲ್ಲದೆ ಭೇದಿಯಿಂದ ತೀರಿಕೊಂಡ ಮಗುವಿಗೆ ‘ಹಣೆಬರಹ’ ಎಂಬ ಮಾತಷ್ಟೇ ಉಳಿಯುತ್ತದೆ.

ಮುಂದೆ ಬಂದ ಎರಡು ಲಸಿಕೆಗಳನ್ನು ತಲಾ 60 ಸಾವಿರಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಭಾರತ ತನ್ನದೇ ಲಸಿಕೆ ರೂಪಿಸಿತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು ನವಜಾತ ಶಿಶುಗಳಲ್ಲಿ ಕಂಡ, ರೋಗ ತಾರದ ವೈರಸ್ ಇದರ ಮೂಲ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ರೋಟಾವೈರಸ್‌ನಿಂದಾಗುವ ತೀವ್ರ ಭೇದಿಯ ವಿರುದ್ಧ ಮೊದಲ ವರ್ಷ ಸುಮಾರು ಶೇ 56ರಷ್ಟು ರಕ್ಷಣೆ ಸಿಕ್ಕಿತು. ‘ರೋಟಾವ್ಯಾಕ್’ 2016ರಲ್ಲಿ ನಾಲ್ಕು ರಾಜ್ಯಗಳ ಸರ್ಕಾರಿ ಲಸಿಕಾ ಕಾರ್ಯಕ್ರಮ ಸೇರಿತು. 2019ರಲ್ಲಿ ರೋಟಾವೈರಸ್ ಲಸಿಕೆ ದೇಶಕ್ಕೆಲ್ಲ ವಿಸ್ತರಿಸಿತು. ಅಪರೂಪದ ಅಪಾಯವನ್ನು ಅಳೆಯಲು ಈ ಪರೀಕ್ಷೆಯೂ ಚಿಕ್ಕದೇ. ಆದ್ದರಿಂದ ಬಳಕೆಗೆ ಬಂದ ಮೇಲೂ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ನಿಗಾ ಇಡಲಾಯಿತು. ಕರುಳಿನ ತೊಂದರೆ ಹೆಚ್ಚಿಲ್ಲವೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ನಾಳೆ ಇನ್ನೊಂದು ಹೊಸ ಲಸಿಕೆ ಬಂದಾಗ ಹೆತ್ತವರು ವೈದ್ಯರನ್ನು ಮೂರು ಪ್ರಶ್ನೆ ಕೇಳಬಹುದು. ಈ ರೋಗ ನಮ್ಮ ಮಕ್ಕಳಿಗೆ ಎಷ್ಟು ಅಪಾಯಕಾರಿ? ಎಷ್ಟು ಮಕ್ಕಳಲ್ಲಿ ಲಸಿಕೆಯನ್ನು ಪರೀಕ್ಷಿಸಲಾಗಿದೆ? ಬಳಕೆಗೆ ಬಂದ ಮೇಲೆ ತೊಂದರೆಗಳನ್ನು ಲೆಕ್ಕ ಇಡುವವರು ಯಾರು? ರೋಟಾವೈರಸ್ ಲಸಿಕೆಯ ಬಳಿಕ ಮಗು ಬಿಟ್ಟುಬಿಟ್ಟು ಚೀರಿ ಅತ್ತರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಟಾಶೀಲ್ಡ್‌ನ ದೋಷ ವರ್ಷದೊಳಗೆ ಬಯಲಾದದ್ದು, ಅಂಥ ಪ್ರತಿ ಮಗುವಿನ ವಿವರವನ್ನು ಯಾರೋ ಬರೆದಿಟ್ಟದ್ದರಿಂದ.