ಹಲ್ಲು ಕ್ಲೀನ್ ಮಾಡಿದ್ದು ಯಾರು?

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ರಿಲೀಸು, ರಾತ್ರಿ ಕಾಲು ಅಂತ ನೆಪ ಹೇಳಿಕೊಂಡು ಓಡಾಡ್ತಿದ್ದೆ. ಕಳೆದ ತಿಂಗಳು ಊರಲ್ಲಿ ನಡೆದ ಒಂದು ಸಂಗತಿ ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಅದಕ್ಕೇ ಇವತ್ತು ಕೂತೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮೂರು ಮದ್ದೂರು-ಮಳವಳ್ಳಿ ರಸ್ತೆಯಲ್ಲಿ, ಕೆ.ಎಂ.ದೊಡ್ಡಿ ಹತ್ತಿರ. (ಬೋರ್ಡಿನಲ್ಲಿ ಭಾರತೀನಗರ ಅಂತಿರುತ್ತೆ, ನಮ್ಮ ಬಾಯಲ್ಲಿ ಮಾತ್ರ ಈಗಲೂ ದೊಡ್ಡಿಯೇ.) ಕಬ್ಬಿನ ಸೀಮೆ. ಆಲೆಮನೆ ಬೆಲ್ಲ ತಿಂದೇ ಬೆಳೆದ ಬಾಯಿಗಳು ನಮ್ಮವು. ಹಲ್ಲು ನೋವು ಬಂದರೆ ಮೊದಲು ಲವಂಗ, ಅದಕ್ಕೂ ಬಗ್ಗದಿದ್ದರೆ ಮದ್ದೂರಿಗೆ ಬಸ್ಸು. ಅಮ್ಮನಿಗೆ ಕೆಲವು ತಿಂಗಳಿಂದ ಹಲ್ಲುಜ್ಜಿದಾಗಲೆಲ್ಲ ವಸಡಿನಲ್ಲಿ ರಕ್ತ ಬರುತ್ತಿತ್ತು. "ಒಂದ್ಸಲ ಹೋಗಿ ಕ್ಲೀನ್ ಮಾಡಿಸ್ಕೊಂಡು ಬಾ" ಅಂತ ಫೋನಿನಲ್ಲಿ ಕಾಟ ಕೊಟ್ಟವನು ನಾನೇ. ಒಂದು ಶನಿವಾರ ನಾನು ಊರಿಗೆ ಬರುವಷ್ಟರಲ್ಲಿ ಮದ್ದೂರಿನ ಒಂದು ಕ್ಲಿನಿಕ್ಕಿಗೆ ಹೋಗಿ ಬಂದೂ ಆಗಿತ್ತು.

ರಾತ್ರಿ ಒಂದೂವರೆಗೆ ಅಮ್ಮ ಎಬ್ಬಿಸಿದಳು. ದಿಂಬಿನ ಕವರು ಕೆಂಪಾಗಿತ್ತು. ಬಾಯಿ ಮುಕ್ಕಳಿಸಿದರೆ ರಕ್ತ, ಹತ್ತಿ ಇಟ್ಟರೆ ಹತ್ತಿಯೂ ಕೆಂಪು. ಎರಡು ವರ್ಷದ ಹಿಂದೆ ಅಮ್ಮನಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಎರಡು ಮಾತ್ರೆ ದಿನಾ ನುಂಗುತ್ತಾಳೆ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. "ಮಾತ್ರೆ ವಿಷ್ಯ ಹೇಳಿದ್ಯಾ?" ಅಂದೆ. "ಯಾರೂ ಕೇಳ್ನಿಲ್ವಲ್ಲ ಮಗ" ಅಂದಳು. "ಡಾಕ್ಟ್ರು ಏನಂದ್ರು?" ಅಂದೆ. ಆಗ ಬಂತು ನೋಡಿ ಉತ್ತರ. "ಡಾಕ್ಟ್ರು ಎಲ್ಲವ್ರೆ? ಮಳವಳ್ಳಿಗೆ ಹೋಗಿದ್ರು. ಆ ಎಣ್ಮಗಾನೇ ಮಾಡ್ತು."

ವಿಷಯ ಇಷ್ಟೇ. ಅವರು ಬೆಳಿಗ್ಗೆ ಮಂಡ್ಯ, ಮಧ್ಯಾಹ್ನ ಮದ್ದೂರು, ಸಂಜೆ ಮಳವಳ್ಳಿ ಅಂತ ಮೂರು ಕಡೆ ಕೂರುವ ಡಾಕ್ಟರು. ಒಬ್ಬರೇ ಮನುಷ್ಯ, ಮೂರು ಬೋರ್ಡು. ಅವರಿಲ್ಲದ ಹೊತ್ತಿನಲ್ಲಿ ಬಂದವರಿಗೆ ಕ್ಲಿನಿಕ್ಕಿನ ಹುಡುಗಿ "ಕ್ಲೀನಿಂಗ್ ತಾನೆ, ಕೂತ್ಕಳಿ ಅಮ್ಮ, ನಾನೇ ಮಾಡ್ಕೊಡ್ತೀನಿ" ಅಂತಾಳೆ.

ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಸ್ನೇಹಿತನ ಪರಿಚಯದ ದಂತವೈದ್ಯೆಯೊಬ್ಬರು ನಮಗಾಗಿ ಬಾಗಿಲು ತೆಗೆದರು. ಅವರ ಮೊದಲ ಪ್ರಶ್ನೆಯೇ "ಯಾವ್ ಯಾವ್ ಮಾತ್ರೆ ತಗೋತೀರಮ್ಮ?" ಗಾಜ್ ಒತ್ತಿಟ್ಟು ಅರ್ಧ ಗಂಟೆ ಕೂರಿಸಿ, ರಕ್ತ ನಿಂತಿದ್ದನ್ನು ನೋಡಿಯೇ ಕಳಿಸಿದರು. ಹೊರಡುವಾಗ ಅವರು ಹೇಳಿದ್ದನ್ನು ನೀವೂ ನಿಮ್ಮ ಮನೆಯ ಹಿರಿಯರಿಗೆ ಹೇಳಿ. ಈ ಮಾತ್ರೆ ತಗೊಳ್ಳುವವರು ಹಲ್ಲು ಕ್ಲೀನ್ ಮಾಡಿಸಬಾರದು ಅಂತೇನಿಲ್ಲ. ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬಾರದು. ಮೊದಲೇ ಗೊತ್ತಿದ್ದರೆ ಒಂದೇ ಸಲಕ್ಕೆ ಅಷ್ಟೂ ಮಾಡದೆ ಸ್ವಲ್ಪ ಸ್ವಲ್ಪವಾಗಿ ಮಾಡುತ್ತಾರೆ, ಅಷ್ಟೇ.

ಸೋಮವಾರ ರಜಾ ಹಾಕಿ ಮದ್ದೂರಿನ ಕ್ಲಿನಿಕ್ಕಿಗೆ ಜಗಳಕ್ಕೇ ಹೋದೆ. ಡಾಕ್ಟರು ಇರಲಿಲ್ಲ. ಹುಡುಗಿ ಇದ್ದಳು. ಪಕ್ಕದ ಊರಿನವಳೇ, ಪಿಯುಸಿ ಆಗಿದೆ, ಎರಡು ವರ್ಷದಿಂದ ಅಲ್ಲೇ ಕೆಲಸ. "ಸಾರ್ ಹೇಳ್ಕೊಟ್ಟವ್ರೆ ಅಣ್ಣ. ದಿನಕ್ಕೆ ಮೂರ್ನಾಕು ನಾನೇ ಮಾಡ್ತೀನಿ. ಮಾತ್ರೆ ಕೇಳ್ಬೇಕು ಅಂತ ಯಾರೂ ಹೇಳಿರ್ನಿಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀಯಾ ಅಂತ ಕೇಳಿದೆ. ಅದೇನು ಅಂತ ಅವಳೇ ನನ್ನನ್ನು ಕೇಳಿದಳು. ದಿನವಿಡೀ ಪರರ ರಕ್ತದಲ್ಲಿ ಕೈ ಇಡುವ ಹುಡುಗಿ! ಜಗಳ ಆಡೋ ಉತ್ಸಾಹ ಅಲ್ಲಿಗೇ ಇಳಿದುಹೋಯ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಕಾನೂನು ಏನು ಹೇಳುತ್ತೆ ಅಂತ ಹುಡುಕಿ ಓದಿದೆ. ಓದಿದಷ್ಟೂ ಆಶ್ಚರ್ಯ.

ಸ್ವಾತಂತ್ರ್ಯ ಬಂದ ಮರುವರ್ಷವೇ, ಅಂದರೆ 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಅದರಲ್ಲಿ ಡೆಂಟಿಸ್ಟ್ ಜೊತೆಗೇ 'ಡೆಂಟಲ್ ಹೈಜೀನಿಸ್ಟ್' ಅನ್ನೋ ಪದಕ್ಕೂ ಅರ್ಥ ಕೊಟ್ಟಿದ್ದಾರೆ. ದಂತವೈದ್ಯರೂ ಅಲ್ಲದ, ವೈದ್ಯರೂ ಅಲ್ಲದ, ಆದರೆ ಹಲ್ಲಿನ ಕಿಟ್ಟ ತೆಗೆದು, ಶುಚಿ ಮಾಡಿ, ಪಾಲಿಶ್ ಮಾಡುವ, ಬಾಯಿಯ ಶುಚಿತ್ವ ಹೇಳಿಕೊಡುವ ವ್ಯಕ್ತಿ. ಅವರಿಗೆ ಬೇರೆಯದೇ ರಿಜಿಸ್ಟರು. ನೋಂದಣಿ ಇಲ್ಲದವರು ಈ ಕೆಲಸ ಮಾಡುವಂತಿಲ್ಲ ಅಂತ 49ನೇ ಸೆಕ್ಷನ್ನು. ಅದರಲ್ಲಿ ಒಂದು ತಮಾಷೆಯ ವಿನಾಯಿತಿಯೂ ಇದೆ. ತುರ್ತು ಇದ್ದು, ನೋಂದಾಯಿತ ದಂತವೈದ್ಯರು ಸಿಗದೇ ಹೋದರೆ, ಅರಿವಳಿಕೆ ಕೊಡದೆ ಯಾರು ಬೇಕಾದರೂ ಹಲ್ಲು ಕೀಳಬಹುದು! ನಮ್ಮ ಹಳ್ಳಿಗಳ ಸ್ಥಿತಿ ಗೊತ್ತಿದ್ದವರೇ ಬರೆದಿರಬೇಕು. ಆದರೆ ಗಮನಿಸಿ, ಆ ತುರ್ತಿನ ವಿನಾಯಿತಿ ಕೀಳುವುದಕ್ಕೆ ಮಾತ್ರ. ಕ್ಲೀನಿಂಗಿನಲ್ಲಿ ಅಂಥ ತುರ್ತು ಏನಿರುತ್ತೆ? ಡಾಕ್ಟರು ಬರುವ ತನಕ ಕಾಯಬಹುದಲ್ಲ.

ಇದಾದ ಮೇಲೂ ಕಾನೂನುಗಳು ಬಂದವು. 1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ತಗೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತೆ ಅಂತು. ನಮ್ಮ ರಾಜ್ಯದಲ್ಲಿ 2007ರ ಕೆಪಿಎಂಇ ಕಾಯ್ದೆ ಪ್ರಕಾರ ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಮಾಡಿಸಬೇಕು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೋಗಿಗೆ ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯಬೇಕು ಅಂತು. ಡೆಂಟಿಸ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು ಅಂತ 2014ರ ನೀತಿ ಸಂಹಿತೆ ಹೇಳಿತು. 1948ರ ಕಾಯ್ದೆಯ ಜಾಗಕ್ಕೆಂದೇ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನೂ ಪಾಸು ಮಾಡಿತು. ಕಾನೂನಿಗೆ ಬರ ಇಲ್ಲ ಸ್ವಾಮಿ.

ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಏನೂ ಆಗಲ್ಲ ಅನ್ನೋದು ಮಂಡ್ಯದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ 1994ರಿಂದಲೇ ಇದೆ. ಆದರೂ 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರಿಂದ ಬಯಲಾಯ್ತು. ಅದಕ್ಕೂ ಹಲ್ಲು ಕ್ಲೀನಿಂಗಿಗೂ ಹೋಲಿಕೆಯೇ ಇಲ್ಲ, ಅದು ಘೋರ ಅಪರಾಧ. ಆದರೆ "ಮಾಡ್ತಿರೋರು ಯಾರು, ಅವರಿಗೆ ಅಧಿಕಾರ ಇದೆಯಾ" ಅಂತ ಯಾರೂ ಕೇಳದ ಅಭ್ಯಾಸ ಎರಡು ಕಡೆಯೂ ಒಂದೇ.

ಹಾಗಂತ ಆ ಹುಡುಗಿ ಮೇಲೆ ದೂರು ಕೊಡೋಣ್ವಾ? ನನ್ನ ಮನಸ್ಸು ಒಪ್ಪಲಿಲ್ಲ. ಇಲ್ಲೊಂದು ಹಳೇ ಕಥೆ ಹೇಳಬೇಕು. 1906ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್ ಊರಿನ ಆಲ್‌ಫ್ರೆಡ್ ಫೋನ್ಸ್ ಅನ್ನೋ ದಂತವೈದ್ಯರು ತಮ್ಮ ಕ್ಲಿನಿಕ್ಕಿನ ಸಹಾಯಕಿ, ಸಂಬಂಧಿಯೂ ಆಗಿದ್ದ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡೋದನ್ನು ಕಲಿಸಿದರು. ಜಗತ್ತಿನ ಮೊದಲ ಹೈಜೀನಿಸ್ಟ್ ಆಕೆಯೇ ಅಂತಾರೆ. ಅಂದರೆ ಆಕೆಯೂ ನಮ್ಮ ಮದ್ದೂರಿನ ಹುಡುಗಿಯ ಹಾಗೆಯೇ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾ ಕಲಿತವಳು. ವ್ಯತ್ಯಾಸ ಆಮೇಲಿನದ್ದು. ಫೋನ್ಸ್ ಅದನ್ನು ಮುಚ್ಚಿಡಲಿಲ್ಲ. 1913ರಲ್ಲಿ ಹೈಜೀನಿಸ್ಟರಿಗೆಂದೇ ಶಾಲೆ ತೆರೆದರು. 1917ರಲ್ಲಿ ಐರೀನ್‌ಗೆ ಲೈಸೆನ್ಸೇ ಸಿಕ್ಕಿತು. ಅಲ್ಲಿ ಸಹಾಯಕಿಗೆ ಹೆಸರು ಕೊಟ್ಟರು. ಇಲ್ಲಿ ಕಾನೂನು ಹೆಸರು ಕೊಟ್ಟು ಎಪ್ಪತ್ತೈದು ವರ್ಷ ದಾಟಿದರೂ ನಾವು ಅವಳನ್ನು "ಆ ಎಣ್ಮಗ" ಅಂತಲೇ ಇಟ್ಟಿದ್ದೀವಿ.

ಬಿಡಿಎಸ್ ಮಾಡಿರುವ ನನ್ನ ಹೈಸ್ಕೂಲು ಗೆಳೆಯನ ಹತ್ತಿರ ಇದನ್ನೆಲ್ಲ ಹೇಳಿದೆ. ಅವನು ನಕ್ಕ. "ನೀನು ಐಟಿಯೋನು, ಮಾತಾಡ್ತೀಯ. ಬಾಡಿಗೆ, ಚೇರಿನ ಸಾಲ, ಆಟೋಕ್ಲೇವು, ಕರೆಂಟು... ಐನೂರು ರೂಪಾಯಿ ಕ್ಲೀನಿಂಗಿಗೆ ಜನ ಇನ್ನೂರಕ್ಕೆ ಚೌಕಾಶಿ ಮಾಡ್ತಾರೆ. ಮಳವಳ್ಳೀಲಿ ಕೆಲಸ ಮಾಡೋಕೆ ಒಬ್ಬ ಹೈಜೀನಿಸ್ಟ್ ಹುಡುಕ್ಕೊಡು ನೋಡೋಣ" ಅಂದ. ಅವನ ಮಾತಿನಲ್ಲಿ ಸತ್ಯ ಇದೆ, ತಳ್ಳಿಹಾಕಲ್ಲ. ಆದರೆ ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ನಮ್ಮ ಆಫೀಸಿನಲ್ಲೂ ಜನ ಸಾಲಲ್ಲ. ಆದರೂ ಹೊಸದಾಗಿ ಸೇರಿದ ಹುಡುಗನ ಕೈಗೆ ಸೀನಿಯರ್ ತನ್ನ ಪಾಸ್‌ವರ್ಡು ಕೊಟ್ಟು, ಪ್ರೊಡಕ್ಷನ್ ಸರ್ವರ್ ನೋಡ್ಕೋ ಅಂತ ಮನೆಗೆ ಹೋಗಲ್ಲ. ಹೋದರೆ ಕೆಲಸ ಹೋಗೋದು ಹುಡುಗನದ್ದಲ್ಲ, ಸೀನಿಯರ್‌ದು. ಜನ ಸಿಗಲ್ಲ ಅನ್ನೋದು ಕಷ್ಟ. ರೋಗಿಗೆ ಹೇಳದೇ ಇರೋದು ಮೋಸ. ಎರಡೂ ಒಂದೇ ಅಲ್ಲ.

ನನ್ನ ಅಭಿಪ್ರಾಯ ಇಷ್ಟು. ತಪ್ಪು ಹುಡುಗಿಯದ್ದಲ್ಲ, ತನ್ನ ಹೆಸರಿನ ಬೋರ್ಡಿನ ಕೆಳಗೆ ಅವಳನ್ನು ಕೂರಿಸಿ ಮಳವಳ್ಳಿಗೆ ಹೋದವರದ್ದು. ಡಾಕ್ಟರು ಇಲ್ಲದಿದ್ದರೆ ಆ ಹೊತ್ತಿನಲ್ಲಿ ಕ್ಲೀನಿಂಗ್ ಬೇಡ, ಸಂಜೆ ಬನ್ನಿ ಅನ್ನಲಿ. ಹೈಜೀನಿಸ್ಟ್ ಡಿಪ್ಲೊಮಾವನ್ನು ಇಂಥ ಪಿಯುಸಿ ಮುಗಿಸಿದ ಹುಡುಗಿಯರು ಮನೆಯಿಂದ ಓಡಾಡಿಕೊಂಡು ಓದುವಂತೆ ಸರ್ಕಾರ ಮಂಡ್ಯದಂಥ ಜಿಲ್ಲಾ ಕೇಂದ್ರಗಳಿಗೂ ತರಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಎರಡು ಪ್ರಶ್ನೆ. ಚೇರಿನಲ್ಲಿ ಕೂರುವ ಮೊದಲು "ಯಾರು ಮಾಡ್ತೀರಿ? ನಿಮ್ಮ ನೋಂದಣಿ ಸಂಖ್ಯೆ ಎಲ್ಲಿದೆ?" ಅಂತ ಕೇಳುವುದು. ಮಾತ್ರೆಗಳ ಚೀಟಿಯನ್ನು ಅವರು ಕೇಳದಿದ್ದರೂ ನಾವೇ ಮುಂದಿಡುವುದು.

ಆ ಡಾಕ್ಟರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ನೋಡೋಣ" ಅಂದರು. ನೋಡ್ತಾರೋ ಇಲ್ವೋ ಗೊತ್ತಿಲ್ಲ. ಲಿಖಿತ ದೂರು ಕೊಡೋಣ ಅಂತ ಅಮ್ಮನ ಹತ್ತಿರ ಹೇಳಿದರೆ, "ಓಗ್ಲಿ ಬುಡ್ಲಾ ಮಗ, ಆ ಎಣ್ಮಗೀನ ಕೆಲ್ಸ ಓದ್ರೆ ಏನ್ ಮಾಡದು ಅದು?" ಅಂತಾಳೆ. ದೂರಿನ ಕಾಗದ ಬರೆದು ಇಟ್ಟಿದ್ದೀನಿ, ಇನ್ನೂ ಕಳಿಸಿಲ್ಲ. ಡಾಕ್ಟರನ್ನು ಹಿಡಿಯಲು ಹೋದರೆ ಮೊದಲು ಬೀದಿಗೆ ಬೀಳೋದು ಅವಳೇ. ಸುಮ್ಮನಿದ್ದರೆ ಇನ್ನೊಬ್ಬರ ಅಮ್ಮ ರಾತ್ರಿ ಒಂದೂವರೆಗೆ ಏಳ್ತಾಳೆ.

ನೀವಾಗಿದ್ರೆ ಏನು ಮಾಡ್ತಿದ್ರಿ? ನಿಜವಾಗಲೂ ಕೇಳ್ತಿದ್ದೀನಿ. ನಿಮ್ಮೂರ ಕಡೆ ಹೇಗಿದೆ ಅಂತಲೂ ಬರೀರಿ.