ಅನ್ನದ ಡಬರಿ ತಿಕ್ಕುವವರು ಯಾರು?

ದೊಡ್ಡವರೆಲ್ಲ ಸತ್ತುಹೋದರೂ ತಲೆಗೂದಲಿಗೆ ಹಚ್ಚುವ ಬಣ್ಣ ಮಾತ್ರ ಮುಗಿಯುವುದಿಲ್ಲ. ‘ದಿ ಟ್ರೈಬ್’ ಧಾರಾವಾಹಿ ನೋಡುತ್ತ ನನಗೆ ಮೊದಲು ಹೊಳೆದದ್ದು ಇದು. ಊರಿನಲ್ಲಿ ಕರೆಂಟಿಲ್ಲ, ನೀರಿಗೆ ತತ್ವಾರ, ಡಬ್ಬಿ ಆಹಾರಕ್ಕೆ ಹೊಡೆದಾಟ. ಆದರೆ ಒಬ್ಬೊಬ್ಬರ ಮುಖದ ಮೇಲೂ ನಾಜೂಕಾಗಿ ಎಳೆದ ಬಣ್ಣದ ಗೆರೆ, ಜಡೆಯಲ್ಲಿ ಮಣಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿ ನಿವೃತ್ತಳಾದ ನನಗೆ ಇದೇನೂ ಅಸಹಜ ಅನ್ನಿಸಲಿಲ್ಲ ಬಿಡಿ. ಬೋರು ಬತ್ತಿದ ಬೇಸಿಗೆಯಲ್ಲೂ ಕಾಡಿಗೆ ತಪ್ಪಿಸದ ಹುಡುಗಿಯರನ್ನು ಕಂಡವಳು ನಾನು.

ಇದನ್ನು ನನಗೆ ತೋರಿಸಿದ್ದು ತಂಗಿಯ ಮಗಳು. “ದೊಡ್ಡವ್ವ, ನೀವಿಲ್ಲದ ಹಾಸ್ಟೆಲ್ ಹೆಂಗಿರ್ತದ ನೋಡ್ರಿ” ಎಂದು ಯೂಟ್ಯೂಬ್ ಹಚ್ಚಿಕೊಟ್ಟು ಹೋದಳು. ಧಾರಾವಾಹಿ ಹಳೆಯದು. ಕ್ಲೌಡ್ ನೈನ್ ಎಂಬ ಸಂಸ್ಥೆ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಸುತ್ತಮುತ್ತ ಚಿತ್ರೀಕರಿಸಿದ್ದು. 1999ರಲ್ಲಿ ಬ್ರಿಟನ್ನಿನ ಚಾನೆಲ್ 5ರಲ್ಲಿ ಶುರುವಾಗಿ 2003ರವರೆಗೆ ಐದು ಸರಣಿ, 260 ಕಂತು ನಡೆಯಿತು. ಒಂದು ವೈರಸ್ ಬಂದು ದೊಡ್ಡವರನ್ನೆಲ್ಲ ಒಯ್ದಿದೆ. ಉಳಿದದ್ದು ಮಕ್ಕಳು ಮತ್ತು ಹದಿಹರೆಯದವರು. ‘ಲೋಕೋಸ್’ ಎಂಬ ಪುಂಡರ ಗುಂಪು ಪೊಲೀಸ್ ಕಾರೊಂದನ್ನು ಹಿಡಿದುಕೊಂಡು ಬೀದಿ ಆಳುತ್ತದೆ. ಅದರ ನಾಯಕನ ಹೆಸರು ಜೂಟ್. ಇನ್ನೊಂದು ಸಣ್ಣ ಗುಂಪು ಖಾಲಿ ಬಿದ್ದ ಶಾಪಿಂಗ್ ಮಾಲ್ ಹೊಕ್ಕು ಶಟರ್ ಎಳೆದುಕೊಳ್ಳುತ್ತದೆ. ಅಲ್ಲಿ ಅಂಬರ್ ಎಂಬ ಹುಡುಗಿ ಎಲ್ಲರನ್ನೂ ಕೂರಿಸಿ ಮಾತಾಡಿಸುತ್ತಾಳೆ, ಜ್ಯಾಕ್ ವೈರು ಜೋಡಿಸುತ್ತಾನೆ. ಡಾಕ್ಟರರ ಮಗನಾದ ಡಾಲ್ ತನಗೆ ಗೊತ್ತಿದ್ದಷ್ಟು ವೈದ್ಯ ಮಾಡುತ್ತಾನೆ. ಟ್ರೂಡಿ ಎಂಬ ಹುಡುಗಿ ಹೆರುತ್ತಾಳೆ. ಹೆರಿಗೆ ಮಾಡಿಸಲು ಒಬ್ಬ ಹೆಂಗಸೂ ಇಲ್ಲ.

ಅಭಿನಯ ಅಷ್ಟಕ್ಕಷ್ಟೆ. ಕತೆಯಂತೂ ಮೂರನೆಯ ಸರಣಿಯ ಹೊತ್ತಿಗೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಸತ್ತ ಜೂಟ್‌ನನ್ನು ದೇವರೆಂದು ಪೂಜಿಸುವ ಪಂಥ ಬರುತ್ತದೆ, ಆಮೇಲೆ ವಿಮಾನದಲ್ಲಿ ಕಂಪ್ಯೂಟರ್ ಸೇನೆಯೇ ಬಂದಿಳಿಯುತ್ತದೆ. ಆದರೂ ಮೊದಲ ಸರಣಿಯನ್ನು ಕಣ್ಣುಬಿಟ್ಟು ನೋಡಿದೆ. ಕಾರಣ, ಈ ಮಕ್ಕಳು ನಿಜಕ್ಕೂ ಕೆಲಸ ಮಾಡುತ್ತಾರೆ. ನೀರು ಎಲ್ಲಿಂದ, ಈವತ್ತು ಬೇಯಿಸುವವರು ಯಾರು, ಸಣ್ಣ ಮಕ್ಕಳನ್ನು ಮಲಗಿಸುವವರು ಯಾರು ಎಂದು ಜಗಳವಾಡುತ್ತಾರೆ. ಎಲ್ಲರ ಊಟ-ಉಪಚಾರ ನೋಡುವ ಸಲೀನ್, ತಾನು ತಿಂದದ್ದನ್ನು ಗುಟ್ಟಾಗಿ ವಾಂತಿ ಮಾಡುವ ಕಾಯಿಲೆಗೆ ಬೀಳುತ್ತಾಳೆ. ಬರೆದವರಿಗೆ ಹಾಸ್ಟೆಲ್ ಗೊತ್ತಿದೆ ಎಂದುಕೊಂಡೆ. ಪರೀಕ್ಷೆ ಹತ್ತಿರ ಬಂದಾಗ ನನ್ನಲ್ಲೂ ಅಂಥ ಒಬ್ಬಳಾದರೂ ಇರುತ್ತಿದ್ದಳು, ಬಡಿಸಲು ಎಲ್ಲರಿಗಿಂತ ಮುಂದೆ, ಉಣ್ಣಲು ಎಲ್ಲರಿಗಿಂತ ಹಿಂದೆ.

ನಾನಿದ್ದದ್ದು ಹಾವೇರಿ ಜಿಲ್ಲೆಯ ತಾಲ್ಲೂಕು ಊರೊಂದರ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ಲಿನಲ್ಲಿ. ಅಡುಗೆಯವರು ಹೊರಗುತ್ತಿಗೆಯವರು. ಒಮ್ಮೆ ತಿಂಗಳುಗಟ್ಟಲೆ ಸಂಬಳವಾಗದೆ ಕೆಲಸ ನಿಲ್ಲಿಸಿದರು, ನ್ಯಾಯವಾಗಿಯೇ ನಿಲ್ಲಿಸಿದರು. ಅದೇ ದಿನ ಜಿಲ್ಲಾ ಕೇಂದ್ರದಲ್ಲಿ ನನಗೆ ಮೀಟಿಂಗು. ಉಗ್ರಾಣದ ಕೀಲಿಯನ್ನು ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳ ಕೈಗೆ ಕೊಟ್ಟು ಬಸ್ ಹತ್ತಿದೆ. ಹಾಗೆ ಕೊಡುವಂತಿಲ್ಲ. ಪೆನ್ಶನ್ ಮಂಜೂರಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಸಂಜೆ ಬಂದು ನೋಡಿದರೆ ಅನ್ನ, ಸಾರು, ಬದನೆಕಾಯಿ ಪಲ್ಯ ಆಗಿ ಎಲ್ಲರ ಊಟವೂ ಮುಗಿದಿತ್ತು. ಊಟದ ಹಾಲಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಪಾಳಿ ಬರೆದಿದ್ದರು. ಅಕ್ಕಿ ಆರಿಸುವವರು, ನೀರು ತುಂಬುವವರು, ಕಾಯಿಪಲ್ಯ ಹೆಚ್ಚುವವರು, ಬಡಿಸುವವರು, ಎಲ್ಲದರ ಮುಂದೂ ಹೆಸರು. ‘ಡಬರಿ’ ಎಂದು ಬರೆದದ್ದರ ಮುಂದೆ ಮಾತ್ರ ಒಂದು ಉದ್ದ ಗೆರೆ. ಇಡೀ ಹಾಸ್ಟೆಲ್ಲಿನ ಅನ್ನ ಬೇಯುವ ಅಲ್ಯೂಮಿನಿಯಂ ಡಬರಿ ಅದು; ತಳ ಹಿಡಿದರೆ ತಿಕ್ಕಲು ಸೊಂಟದವರೆಗೆ ಒಳಗೆ ಬಗ್ಗಬೇಕು. ಹಿತ್ತಲಲ್ಲಿ ಅದರ ಸುತ್ತ ನಿಂತು ರಂಪ. “ಅಡಿಗಿ ಮಾಡಿದವ್ರೇ ತಿಕ್ಕಬೇಕೇನು?” “ಉಂಡವ್ರು ತಿಕ್ರಿ!” “ನಾ ಅನ್ನ ಉಂಡೇ ಇಲ್ಲ, ಬರೇ ರೊಟ್ಟಿ ತಿಂದೀನಿ.” ಕೀಲಿ ಹಿಡಿದಿದ್ದವಳು ಯಾರಿಗೂ ಹೇಳಲಾರದೆ, ಚೂಡಿದಾರದ ತೋಳು ಮಡಚಿ, ಬೂದಿ ಮತ್ತು ತೆಂಗಿನ ನಾರು ಹಿಡಿದು ತಾನೇ ಕೂತಿದ್ದಳು. ಆ ಇಡೀ ದಿನ ‘ನಾನು ಲೀಡರು’ ಎಂದು ಯಾರೂ ಜಗಳ ತೆಗೆದಿರಲಿಲ್ಲ. ಮನಸ್ತಾಪಕ್ಕೆಲ್ಲ ಕಾರಣ ಆ ಡಬರಿ.

ಇಂಥ ಧಾರಾವಾಹಿಗಳ ಬಗ್ಗೆ ನನ್ನ ತಕರಾರೂ ಇದೇ. ಬರೆಯುವವರಿಗೆ ನಾಯಕತ್ವದ ಚಪಲ ಜಾಸ್ತಿ. ಎರಡು ಕಂತು ಮುಗಿಯುವುದರೊಳಗೆ ‘ಆಳುವವರು ಯಾರು’ ಎಂಬಲ್ಲಿಗೆ ಬಂದುಬಿಡುತ್ತಾರೆ, ಮತ್ತೆರಡು ಕಂತಿಗೆ ಒಂದು ಕೊಲೆ. ಈ ಚಾಳಿಯ ಮೂಲಪುರುಷ ವಿಲಿಯಂ ಗೋಲ್ಡಿಂಗ್. 1954ರಲ್ಲಿ ‘ಲಾರ್ಡ್ ಆಫ್ ದಿ ಫ್ಲೈಸ್’ ಪ್ರಕಟವಾದಾಗ ಆತ ಗಂಡುಹುಡುಗರ ಶಾಲೆಯಲ್ಲಿ ಮೇಷ್ಟ್ರು. ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ಬೇಟೆಗಾರರಾಗಿ, ಕೊಲೆಗಾರರಾಗುವ ಕತೆ. ದೊಡ್ಡ ಪುಸ್ತಕ, ಒಪ್ಪುತ್ತೇನೆ. ಆದರೆ ಪಾಪ, ಮೇಷ್ಟ್ರು ಹುಡುಗರನ್ನು ನೋಡುವುದು ತರಗತಿಯಲ್ಲಿ. ಅವರು ರಾತ್ರಿ ಜ್ವರ ಬಂದವನಿಗೆ ಗಂಜಿ ಕಾಯಿಸುವುದನ್ನು ನೋಡುವುದು ವಾರ್ಡನ್ನು.

ಆ ಪುಸ್ತಕ ಬಂದು ಹನ್ನೊಂದು ವರ್ಷಕ್ಕೆ, 1965ರಲ್ಲಿ, ಟೋಂಗಾ ದೇಶದ ಆರು ಹುಡುಗರು ಶಾಲೆ ಬೇಸರವಾಗಿ ದೋಣಿಯೊಂದನ್ನು ಕದ್ದು ಸಮುದ್ರಕ್ಕಿಳಿದರು. ಬಿರುಗಾಳಿಗೆ ಸಿಕ್ಕಿ ‘ಅಟಾ’ ಎಂಬ ನಿರ್ಜನ ದ್ವೀಪ ಸೇರಿದರು. ಅಲ್ಲಿ ಹದಿನೈದು ತಿಂಗಳು. ಬೆಂಕಿ ಆರದಂತೆ ಕಾಯಲು, ತೋಟ ನೋಡಲು, ಅಡುಗೆಗೆ ಪಾಳಿ ಹಾಕಿಕೊಂಡರು. ಜಗಳವಾದರೆ ಇಬ್ಬರೂ ದ್ವೀಪದ ಬೇರೆ ಬೇರೆ ತುದಿಗೆ ಹೋಗಿ ಸಿಟ್ಟಿಳಿದ ಮೇಲೆ ಬರಬೇಕು ಎಂಬುದು ನಿಯಮ. ಒಬ್ಬ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕಡ್ಡಿ ಕಟ್ಟಿ ಮೂಳೆ ಕೂಡಿಸಿದರು. ಆ ಕಾಲು ನೆಟ್ಟಗಾಯಿತು. 1966ರ ಸೆಪ್ಟೆಂಬರಿನಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯಾದ ನಾವಿಕ ಅವರನ್ನು ಕಂಡು ಕರೆತಂದ. ದಡ ಸೇರಿದ ಕೂಡಲೇ ಪೊಲೀಸರು ದೋಣಿ ಕದ್ದ ಕೇಸಿನಲ್ಲಿ ಆರೂ ಜನರನ್ನು ಒಳಗೆ ಹಾಕಿದರು! ವಾರ್ನರ್ ಈ ಕತೆಯ ಹಕ್ಕನ್ನು ಆಸ್ಟ್ರೇಲಿಯಾದ ಟಿವಿ ವಾಹಿನಿಗೆ ಮಾರಿ, ಆ ದುಡ್ಡಿನಲ್ಲಿ ದೋಣಿಯವನಿಗೆ ಪರಿಹಾರ ಕೊಟ್ಟು ಬಿಡಿಸಿದ. ಟಿವಿಯಿಂದ ಹುಡುಗರಿಗೆ ಇಷ್ಟು ನೇರ ಉಪಕಾರ ಆದದ್ದು ಬೇರೆಲ್ಲೂ ನಾನು ಕೇಳಿಲ್ಲ. ಹೌದು, ಅವರು ಆರೇ ಜನ, ಮೊದಲೇ ಗೆಳೆಯರು. ಅರವತ್ತು ಜನರಿದ್ದಿದ್ದರೆ ಏನಾಗುತ್ತಿತ್ತೋ. ಹಾಸ್ಟೆಲ್ಲುಗಳಲ್ಲಿ ಹಿರಿಯರು ಕಿರಿಯರ ಕೈಯಲ್ಲಿ ಬಟ್ಟೆ ಒಗೆಸುವುದು, ಮೊಸರು ಮೊದಲು ತಾವೇ ಬಗ್ಗಿಸಿಕೊಳ್ಳುವುದು, ಅದಕ್ಕಿಂತ ಕೆಟ್ಟದ್ದು, ಎಲ್ಲ ನಡೆಯುತ್ತದೆ. ಮಕ್ಕಳು ದೇವರು ಎಂಬ ಮಾತನ್ನು ಯಾವ ವಾರ್ಡನ್ನೂ ನಂಬುವುದಿಲ್ಲ.

‘ದಿ ಟ್ರೈಬ್’ನಷ್ಟು ಬಣ್ಣ ಬೇಡ ಎನ್ನುವವರಿಗೆ ನೆಟ್‌ಫ್ಲಿಕ್ಸ್‌ನ ‘ದಿ ಸೊಸೈಟಿ’ ಇದೆ. 2019ರಲ್ಲಿ ಬಂದ ಹತ್ತು ಕಂತು. ಅಮೆರಿಕದ ಶ್ರೀಮಂತ ಊರೊಂದರ ಹೈಸ್ಕೂಲ್ ಮಕ್ಕಳು ಕ್ಯಾಂಪಿಗೆಂದು ಬಸ್ಸಿನಲ್ಲಿ ಹೋಗಿ ಅದೇ ರಾತ್ರಿ ವಾಪಸು ಬಂದರೆ ಊರಲ್ಲಿ ತಂದೆತಾಯಿಯರಿಲ್ಲ, ಊರಾಚೆ ರಸ್ತೆಯೂ ಇಲ್ಲ, ಬರೀ ಕಾಡು. ಕಸಾಂಡ್ರಾ ಎಂಬ ಜಾಣೆ ಮುಂದೆ ನಿಂತು ಒಟ್ಟಡುಗೆ, ಒಟ್ಟು ವಾಸ, ಕೆಲಸದ ಹಂಚಿಕೆ ಶುರುಮಾಡುತ್ತಾಳೆ. ದೊಡ್ಡ ಮನೆಯ ಹುಡುಗನಿಗೆ ಸಿಟ್ಟು, ನಮ್ಮಪ್ಪನ ಮನೆಯಲ್ಲಿ ಇವರೆಲ್ಲ ಯಾಕಿರಬೇಕು ಎಂದು. ನನಗೆ ಬಹಳ ಹಿಡಿಸಿದ ಎಳೆ ಅದು. ಅಪ್ಪ ಮಾಯವಾಗಿದ್ದಾನೆ, ಅಪ್ಪನ ಆಸ್ತಿ ಮಾತ್ರ ಮಗನ ತಲೆಯೊಳಗೆ ಭದ್ರವಾಗಿದೆ. ಆದರೆ ಅವಳನ್ನು ಬೇಗನೆ ಗುಂಡಿಟ್ಟು ಕೊಲ್ಲಿಸಿ, ಕತೆಯನ್ನು ವಿಚಾರಣೆ, ಮರಣದಂಡನೆ, ಪಿತೂರಿಗಳ ಕಡೆ ಓಡಿಸಿದರು. ಶಿಸ್ತಿಗೆಂದು ಕಾವಲು ಕೆಲಸಕ್ಕಿಟ್ಟ ಫುಟ್‌ಬಾಲ್ ಹುಡುಗರೇ ಕೊನೆಗೆ ತಿರುಗಿಬೀಳುತ್ತಾರೆ. ಉಳುಮೆಗೆ ಜಾಗ ಹುಡುಕಲು ಹೋದವರು ಒಳ್ಳೆಯ ಸುದ್ದಿ ತರುವಷ್ಟರಲ್ಲಿ ಇಲ್ಲಿ ಸರ್ಕಾರವೇ ಬದಲಾಗಿರುತ್ತದೆ. ನಮ್ಮ ರಾಜ್ಯದ ಓದುಗರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಎರಡನೆಯ ಸರಣಿ ಘೋಷಣೆಯಾಗಿತ್ತು. 2020ರ ಆಗಸ್ಟಿನಲ್ಲಿ ಕೋವಿಡ್ ಕಾರಣ ಕೊಟ್ಟು ರದ್ದು ಮಾಡಿದರು. ಮರುವರ್ಷ ನಮ್ಮಲ್ಲಿ ಇಬ್ಬರೂ ಪಾಲಕರನ್ನು ಕಳೆದುಕೊಂಡ ಮಕ್ಕಳಿಗೆಂದು ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ಪ್ರಕಟಿಸಬೇಕಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಗ ತಮ್ಮನ ಕೈ ಹಿಡಿದು ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಅಪ್ಪನ ಬ್ಯಾಂಕ್ ಪಾಸ್‌ಬುಕ್ಕುಗಳ ಜೆರಾಕ್ಸ್ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆದಳು. ದೊಡ್ಡವರಿಲ್ಲದ ಮಕ್ಕಳಿಗೆ ನಮ್ಮಲ್ಲಿ ಎದುರಾಗುವುದು ಜೂಟ್ ಅಲ್ಲ, ಕೌಂಟರಿನ ಆಚೆ ಕೂತು “ಪಾಲಕರನ್ನು ಕರ್ಕೊಂಡು ಬಾ” ಎನ್ನುವ ಗುಮಾಸ್ತ.

ಹಾಗಾಗಿ ನಾನು ಕೇಳುವುದು, ನಮ್ಮ ಕನ್ನಡ ವಾಹಿನಿಗಳಲ್ಲಿ ಇಂಥದ್ದೊಂದು ಯಾಕೆ ಬರಬಾರದು? ಸಂಜೆಯ ಧಾರಾವಾಹಿಗಳಲ್ಲಿ ಹದಿನೆಂಟರ ಹುಡುಗಿ ಕಾಣಿಸಿಕೊಂಡರೆ ಅವಳ ಮದುವೆಯ ಮಾತು ಬಂತೆಂದೇ ಲೆಕ್ಕ. ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಸೋಫಾದ ಸುತ್ತಲೇ ನಿಂತಿರುತ್ತಾರೆ. ಮಕ್ಕಳು ತಾವೇ ಒಂದು ನಿರ್ಧಾರ ಮಾಡಲು ಜಾಗವೇ ಇಲ್ಲ. ಸಿನಿಮಾದವರು ಒಂದು ಕೈ ನೋಡಿದ್ದಾರೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರದಲ್ಲಿ ವಾರ್ಡನ್ ಸತ್ತಿರುತ್ತಾನೆ, ಹುಡುಗರು ಪೇಚಿಗೆ ಬೀಳುತ್ತಾರೆ. ಚಿತ್ರ ಬಂದಾಗ ಹಳೆಯ ಹುಡುಗಿಯರು ಫೋನು ಮಾಡಿ “ಮೇಡಂ, ಆರಾಮ ಅದೀರಲ್ಲ?” ಎಂದು ವಿಚಾರಿಸಿಕೊಂಡರು. ನಕ್ಕೆ. ಆದರೆ ಅದು ಒಂದೇ ರಾತ್ರಿಯ ತಮಾಷೆ. ನಾನು ಕೇಳುತ್ತಿರುವುದು ತಿಂಗಳುಗಟ್ಟಲೆಯ ಬದುಕು.

ಅದು ನ್ಯೂಜಿಲೆಂಡಿನ ಕತೆಯ ಹಾಗೆ ಇರುವುದಿಲ್ಲ, ಇರಲೂ ಬಾರದು. ಅಡುಗೆಯವರು ಬಾರದ ಆ ದಿನದ ಒಂದು ಸಂಗತಿ ಮೇಲೆ ಬರೆಯಲಿಲ್ಲ. ಕರಿಹಲಗೆಯ ಪಾಳಿಯಲ್ಲಿ ಸಾರು ಮಾಡುವವಳ ಹೆಸರು ನೋಡಿ ಒಬ್ಬ ಹುಡುಗಿ ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗಿದ್ದಳು. ಹೊಟ್ಟೆನೋವು ಎಂದಳಂತೆ. ಮರುದಿನವೂ ಪಾಳಿಯವರೇ ಅಡುಗೆ ಮಾಡಿದರು. ಅವಳು ಅಂದೂ ಬಿಸ್ಕತ್ತು ತಿಂದಳು. ಯಾರೂ ಏನೂ ಅನ್ನಲಿಲ್ಲ. ಸಾರು ಮಾಡಿದವಳಿಗೂ ಗೊತ್ತಿತ್ತು. ಸೌಟು ಹಿಡಿದು ಎಲ್ಲರಿಗೂ ಬಡಿಸುವಾಗ ಆ ಕೋಣೆಯ ಬಾಗಿಲ ಕಡೆ ಮಾತ್ರ ನೋಡುತ್ತಿರಲಿಲ್ಲ. ಮೂರನೆಯ ದಿನ ಅಡುಗೆಯವರು ಬಂದರು. ಅವರ ಜಾತಿ ಯಾವುದೆಂದು ಆ ಹುಡುಗಿಗೆ ಗೊತ್ತಿತ್ತು, ಹೊಟ್ಟೆನೋವು ವಾಸಿಯಾಯಿತು. ಅವಳ ಊರು, ಅವಳ ಅಪ್ಪ-ಅಮ್ಮ ಅಲ್ಲಿಂದ ಅರ್ಧ ದಿನದ ದಾರಿ. ಆದರೂ ಅವರು ಆ ಊಟದ ಹಾಲಿನಲ್ಲೇ ಇದ್ದರು. ಯಾವ ವೈರಸ್ ಬಂದರೂ ಇವರನ್ನು ಒಯ್ಯುವುದಿಲ್ಲ.

ಈ ಒಂದು ದೃಶ್ಯವನ್ನು ‘ದಿ ಟ್ರೈಬ್’ ಬರೆದವರೂ ‘ದಿ ಸೊಸೈಟಿ’ ಬರೆದವರೂ ಯೋಚಿಸಲಾರರು. ಕನ್ನಡದಲ್ಲಿ ಬರೆಯುವವರಿಗೆ ಇದು ಕಣ್ಣೆದುರೇ ಇದೆ. ಬಂದೂಕು ಬೇಡ, ಪೊಲೀಸ್ ಕಾರು ಬೇಡ, ಬಣ್ಣದ ಗೆರೆಯೂ ಬೇಡ. ಒಂದು ಹಾಸ್ಟೆಲ್ ಕಟ್ಟಡ, ನಲವತ್ತು ಮಕ್ಕಳು, ಬಾರದ ಅಡುಗೆಯವರು, ಮುಗಿಯುತ್ತಿರುವ ತೊಗರಿಬೇಳೆ ಸಾಕು. ನಟನೆಗೆ ಮಕ್ಕಳು ಸಿಗುವುದಿಲ್ಲ ಎನ್ನಬೇಡಿ. ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಗೆ ಒಮ್ಮೆ ಹೋಗಿ ಕೂತು ನೋಡಿ. ಶಾಲೆಗೆ ಶೌಚಾಲಯ ಯಾವಾಗ ಕಟ್ಟಿಸುತ್ತೀರಿ ಎಂದು ಏಳನೆಯ ತರಗತಿಯ ಹುಡುಗಿ ಮೈಕು ಹಿಡಿದು ಕೇಳುವಾಗ ಅಧ್ಯಕ್ಷರ ಮುಖವನ್ನೂ ನೋಡಿ.

ಬರೆಯುವ ಮನಸ್ಸಿರುವವರಿಗೆ ಒಂದೇ ಕೋರಿಕೆ. ಬೆಂಗಳೂರಿನಲ್ಲಿ ಕೂತು ಬರೆಯಬೇಡಿ. ಯಾವುದಾದರೂ ತಾಲ್ಲೂಕಿನ ಸರ್ಕಾರಿ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಾಲ್ಕು ದಿನ ಕೂತು, ಮಕ್ಕಳ ಜೊತೆ ಉಂಡು, ಆಮೇಲೆ ಬರೆಯಿರಿ. ಒಳಗೆ ಹೋಗಲು ಇಲಾಖೆಯ ಅನುಮತಿ ಬೇಕು; ಅರ್ಜಿಯನ್ನು ಮೊದಲೇ ಹಾಕಿಡಿ, ತಡವಾಗುತ್ತದೆ.