ಕೋಚ್‌ನನ್ನು ತೂಗುವ ತಕ್ಕಡಿ ಸರಿಯಿದೆಯೇ?

ಫುಟ್‌ಬಾಲ್ ಸೀಸನ್ನಿನಲ್ಲಿ ಸಂಜೆ ಹೊತ್ತು ಗೂಡಲೂರು ಬಸ್ ನಿಲ್ದಾಣದ ಹತ್ತಿರದ ಯಾವುದಾದರೂ ಟೀ ಅಂಗಡಿಯಲ್ಲಿ ಹೋಗಿ ಕೂತು ನೋಡಿ. ಒಂದೇ ಬೆಂಚಿನ ಮೇಲೆ ಮೂರು ರಾಜ್ಯ ಕೂತಿರುತ್ತದೆ. ಹಳದಿ ಅಂಗಿಯವನು ಕೇರಳ ಬ್ಲಾಸ್ಟರ್ಸ್, ಪಕ್ಕದವನು ಚೆನ್ನೈಯಿನ್, ಮೂಲೆಯಲ್ಲಿ ಕೂತ ನಮ್ಮ ಹುಡುಗ ಬೆಂಗಳೂರು ಎಫ್‌ಸಿ. ಟೀ ಹೇಳುವುದು ಮಲಯಾಳದಲ್ಲಿ, ಚಿಲ್ಲರೆ ಕೇಳುವುದು ತಮಿಳಿನಲ್ಲಿ, ಜಗಳ ಶುರುವಾದರೆ ಮಾತ್ರ ಅವರವರ ಮನೆಮಾತು!

ಜಗಳ ಆಟಗಾರರ ಬಗ್ಗೆ ಅಲ್ಲ, ಹೆಚ್ಚಾಗಿ ಕೋಚ್ ಬಗ್ಗೆ. ‘ಅವನ್ನ ಯಾವಾಗ್ಲೋ ತೆಗೀಬೇಕಿತ್ತು ಅಣ್ಣ’ ಎಂದು ಒಬ್ಬ. ‘ಅಲ್ಲಪ್ಪಾ, ಆಡೋರು ಹನ್ನೊಂದು ಜನ, ಬೈಸ್ಕೊಳ್ಳೋಕೆ ಮಾತ್ರ ಒಬ್ನಾ?’ ಎಂದು ಹಿರಿಯರೊಬ್ಬರು. ಅಂಗಡಿ ಬಾಗಿಲು ಹಾಕಿದರೂ ಪಂಚಾಯಿತಿ ಮುಗಿಯುವುದಿಲ್ಲ.

ಇದನ್ನು ಬರೀ ಹರಟೆ ಎಂದು ತಳ್ಳಿಹಾಕುವಂತಿಲ್ಲ. ಇಲ್ಲಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಮ್ಯಾಚ್ ನೋಡುವುದೆಂದರೆ ಸುಮ್ಮನೆ ಅಲ್ಲ. ಸಂಜೆ ಏಳೂವರೆಗೆ ಶುರುವಾದ ಆಟ ಮುಗಿಯುವಾಗ ಒಂಬತ್ತೂವರೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ಅಂದರೆ ಒಂದು ಮ್ಯಾಚ್‌ಗೆ ಒಂದು ರಾತ್ರಿ ನಿದ್ದೆ, ಮಾರನೇ ದಿನದ ಕೂಲಿ ಎರಡೂ ಹೋದಂತೆ. ಇಷ್ಟೆಲ್ಲ ಕಳೆದುಕೊಂಡು ನೋಡುವವನಿಗೆ ಕೋಚ್ ಬಗ್ಗೆ ಮಾತಾಡುವ ಹಕ್ಕು ಖಂಡಿತ ಇದೆ. ಆದರೆ ಅವನು ಹಿಡಿದಿರುವ ತಕ್ಕಡಿ ಸರಿಯಿದೆಯೇ ಎನ್ನುವುದು ನಮ್ಮ ಪ್ರಶ್ನೆ.

ಬೆಂಗಳೂರು ತಂಡದ್ದೇ ಲೆಕ್ಕ ತೆಗೆದುಕೊಳ್ಳೋಣ. 2022ರಲ್ಲಿ ಬಂದ ಇಂಗ್ಲೆಂಡಿನ ಸೈಮನ್ ಗ್ರೇಸನ್ ಅದೇ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು ಸೋಲಿಸಿ ಡುರಾಂಡ್ ಕಪ್ ತಂದುಕೊಟ್ಟರು. ಐಎಸ್‌ಎಲ್ ಶುರುವಾದಾಗ ತಂಡ ಮುಗ್ಗರಿಸಿತು. ಆಗಲೇ ‘ಇವರ ಕೈಲಿ ಆಗಲ್ಲ’ ಅಂದವರಿದ್ದರು. ಅದೇ ತಂಡ ಲೀಗ್‌ನ ಕೊನೆಯಲ್ಲಿ ಸಾಲಾಗಿ ಎಂಟು ಪಂದ್ಯ ಗೆದ್ದು, 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಫೈನಲ್ ಆಡಿ, ಪೆನಾಲ್ಟಿಯಲ್ಲಿ ಸೋತಿತು. ಆಮೇಲೆ ಸೂಪರ್ ಕಪ್ ಫೈನಲ್‌ಗೂ ಹೋಯಿತು. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಎದುರು 4-0 ಸೋಲು, ಮರುದಿನವೇ ಗ್ರೇಸನ್ ಮನೆಗೆ! ಮಾರ್ಚ್‌ನಲ್ಲಿ ಹೆಗಲ ಮೇಲೆ ಹೊತ್ತವರೇ ಡಿಸೆಂಬರ್‌ನಲ್ಲಿ ‘ಒಳ್ಳೇದಾಯ್ತು’ ಅಂದರು. ನಡುವೆ ಇದ್ದದ್ದು ಒಂಬತ್ತೇ ತಿಂಗಳು.

ಅವರ ಜಾಗಕ್ಕೆ ಬಂದವರು ಸ್ಪೇನಿನ ಜೆರಾರ್ಡ್ ಸರಗೋಸಾ. ಆ ಸೀಸನ್ ಮುಗಿದಾಗ ತಂಡ ಹತ್ತನೇ ಸ್ಥಾನದಲ್ಲಿತ್ತು. ನಮ್ಮ ಟೀ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದರೆ ಅವರೂ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಆಡಳಿತ ತಾಳಿಕೊಂಡಿತು. ಮುಂದಿನ ವರ್ಷವೇ ತಂಡ ಫೈನಲ್ ತಲುಪಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದವರೆಗೆ ಹೋರಾಡಿ 2-1ರಿಂದ ಸೋತಿತು. ಕಪ್ ಬರಲಿಲ್ಲ ನಿಜ, ಆದರೆ ಹತ್ತನೇ ಸ್ಥಾನದ ದಿನ ಕೈಬಿಟ್ಟಿದ್ದರೆ ಆ ಫೈನಲ್ ಇವರ ಕೈಯಲ್ಲಿ ಕಾಣುತ್ತಿತ್ತೇ?

ಹಾಗಂತ ಯಾವ ಕೋಚ್‌ನನ್ನೂ ಬದಲಾಯಿಸಲೇಬಾರದು ಅಂತ ನಾವು ಹೇಳುತ್ತಿಲ್ಲ. ಕೆಲವೊಮ್ಮೆ ತಂಡಕ್ಕೂ ಕೋಚ್‌ಗೂ ಇದ್ದ ಋಣ ತೀರಿರುತ್ತದೆ. ಆದರೆ ಹೋದವನೆಲ್ಲ ಕೆಲಸ ಬಾರದವನಲ್ಲ. ಕಾರ್ಲೆಸ್ ಕುವದ್ರತ್ 2019ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ ಗೆದ್ದುಕೊಟ್ಟವರು. ಮೂರು ಪಂದ್ಯ ಸಾಲಾಗಿ ಸೋತ ಮೇಲೆ 2021ರ ಜನವರಿಯಲ್ಲಿ ಅವರು ಹೊರನಡೆಯಬೇಕಾಯಿತು. ಅದೇ ಮನುಷ್ಯ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಅಲ್ಲಿಯೂ ಅದೇ ಕಥೆ, ಸಾಲು ಸೋಲು ಬಂದು ಸೆಪ್ಟೆಂಬರ್ ಹೊತ್ತಿಗೆ ಅವರು ಅಲ್ಲಿಂದಲೂ ಹೊರಟಾಗಿತ್ತು.

ಇನ್ನು ನಮ್ಮ ಪಕ್ಕದ ಬೆಂಚಿನವರ ಕೋಚ್. ಸೆರ್ಬಿಯಾದ ಇವಾನ್ ವುಕೊಮನೊವಿಚ್ 2021ರಲ್ಲಿ ಕೇರಳಕ್ಕೆ ಬಂದಾಗ ಆ ತಂಡ ಹಿಂದಿನ ಸೀಸನ್ನಿನಲ್ಲಿ ಹತ್ತನೇ ಸ್ಥಾನದಲ್ಲಿತ್ತು. ಮೊದಲ ವರ್ಷವೇ ಫೈನಲ್‌ಗೆ ತಂದರು. ಮೂರು ಸೀಸನ್ನಿನಲ್ಲೂ ಪ್ಲೇಆಫ್ ಮುಟ್ಟಿಸಿದರು. ‘ಆಶಾನ್’ ಎಂದು ಜನ ತಲೆಯ ಮೇಲೆ ಹೊತ್ತರು. ಆದರೆ 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಆದದ್ದು ಯಾರಿಗೆ ಮರೆತಿದೆ? ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದರು, ರೆಫರಿ ಗೋಲ್ ಅಂದರು. ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಫೆಡರೇಷನ್ ಕ್ಲಬ್‌ಗೆ 4 ಕೋಟಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಆಮೇಲೆ ಅವರು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಆ ಗೋಲ್ ಸರಿಯೋ ತಪ್ಪೋ ಎಂದು ಗೂಡಲೂರಿನಲ್ಲಿ ಇವತ್ತಿಗೂ ಜಗಳವಿದೆ. ಅದು ಇರಲಿ. ಮೂರು ವರ್ಷ ತಂಡ ಕಟ್ಟಿದ್ದು ಅವರ ಬಲ, ಆ ರಾತ್ರಿ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಿದ್ದು ಅವರ ದೌರ್ಬಲ್ಯ. ಎರಡೂ ಒಂದೇ ಮನುಷ್ಯನವು. ಒಂದನ್ನು ಮಾತ್ರ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.

ಇವೆಲ್ಲವನ್ನೂ ನೋಡಿದರೆ ಕೋಚ್ ಬಗ್ಗೆ ತೀರ್ಪು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು ಅನಿಸುತ್ತದೆ.

ಒಂದು, ಎಷ್ಟು ದಿನದ ಲೆಕ್ಕ ಹಿಡಿಯುತ್ತಿದ್ದೇವೆ? ನಿನ್ನೆಯ ಒಂದು ಮ್ಯಾಚೋ, ಇಡೀ ವರ್ಷವೋ?

ಎರಡು, ಅವರ ಕೈಗೆ ಏನು ಕೊಟ್ಟಿದ್ದೆವು? ಹಣ, ಆಟಗಾರರು, ಮೈದಾನ ಕೊಡದೆ ಕಪ್ ಕೇಳುವುದು ಅಕ್ಕಿ ಕೊಡದೆ ಅನ್ನ ಕೇಳಿದಂತೆ. 2025ರಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲವಾಗಿ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿದಿತ್ತು. ಇದರಲ್ಲಿ ಕೋಚ್ ತಪ್ಪೇನು?

ಮೂರು, ಹುಡುಗರು ಬೆಳೆದರೇ? ಗ್ರೇಸನ್ ಅವರನ್ನು ಎಷ್ಟು ಬೈದರೂ ಒಂದು ಮಾತು ಒಪ್ಪಬೇಕು. ಛೆಟ್ರಿಯಂಥ ದೊಡ್ಡ ಆಟಗಾರನನ್ನೂ ಬೆಂಚಿನಲ್ಲಿ ಕೂರಿಸಿ, ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್‌ಗೆ ಅವಕಾಶ ಕೊಡುವ ಧೈರ್ಯ ಅವರಿಗಿತ್ತು.

ನಾಲ್ಕು, ಸೋತಾಗ ನಡತೆ ಹೇಗಿತ್ತು? ಹುಡುಗರು ಕೋಚ್ ಹೇಳಿದ್ದಕ್ಕಿಂತ ಮಾಡಿದ್ದನ್ನು ಬೇಗ ಕಲಿಯುತ್ತಾರೆ.

ಇಷ್ಟು ಬರೆಯುವುದಕ್ಕೆ ಕಾರಣ ಬೆಂಗಳೂರು, ಕೊಚ್ಚಿಯ ಕೋಚ್‌ಗಳಲ್ಲ. ಅವರಿಗೆ ನಮ್ಮ ಮಾತು ಕೇಳಿಸುವುದೂ ಇಲ್ಲ, ಕೆಲಸ ಹೋದರೆ ಇನ್ನೊಂದು ದೇಶದಲ್ಲಿ ಸಿಗುತ್ತದೆ. ಆದರೆ ಟೀ ಅಂಗಡಿಯಲ್ಲಿ ಕಲಿತ ಈ ಬೈಗುಳವನ್ನು ನಾವು ಭಾನುವಾರ ನಮ್ಮೂರ ಮೈದಾನಕ್ಕೂ ತೆಗೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ಬೈಸಿಕೊಳ್ಳುವವರು ಸ್ಪೇನಿನವರಲ್ಲ, ನಮ್ಮ ಮಕ್ಕಳ ಪಿಟಿ ಮಾಸ್ತರು.

ಅವರ ಕೈಗೆ ನಾವು ಕೊಟ್ಟಿರುವುದಾದರೂ ಏನು? ಜೂನ್ ಬಂದರೆ ಗೂಡಲೂರು ಕಡೆ ಮೈದಾನ ಕೆಸರುಗದ್ದೆ. ಮಸಿನಗುಡಿ, ಮಾಯಾರ್ ಕಡೆ ಸಂಜೆ ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು, ದಾರಿಯಲ್ಲಿ ಆನೆ. ಕೊನೇ ಬಸ್ ತಪ್ಪಿದರೆ ಮನೆಯವರಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ಸಿಗುವುದು ಒಂದು ಗಂಟೆ ಸಿಕ್ಕರೆ ಪುಣ್ಯ. ಇಂಥ ಹುಡುಗರನ್ನು ಕಟ್ಟಿಕೊಂಡು ಕೊಯಮತ್ತೂರಿನ ಕಾಲೇಜು ತಂಡಗಳ ಎದುರು ಇಳಿದರೆ, ಅವರು ವರ್ಷವಿಡೀ ಬಯಲಲ್ಲಿ ಆಡಿದವರು. ಸೋತಾಗ ಬೇಲಿಯ ಆಚೆಯಿಂದ ‘ಈ ಮಾಸ್ತರಿಗೆ ಏನ್ ಗೊತ್ತು?’ ಎಂಬ ಕೂಗು! ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಭಾರತದ ಫುಟ್‌ಬಾಲ್‌ಗೆ ಅತಿ ದೊಡ್ಡ ಗೆಲುವು ತಂದವರೂ ಒಬ್ಬ ಮೇಷ್ಟ್ರೇ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಶಾಲಾ ಶಿಕ್ಷಕರಾಗಿದ್ದವರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಅವರ ಕೈಯಲ್ಲಿ ಬಂದದ್ದು. ಆ ಮೆಲ್ಬರ್ನ್ ತಂಡದಲ್ಲಿ ನಮ್ಮ ಕೆಂಪಯ್ಯ ಕೂಡ ಇದ್ದರು. ನಡುವೆ 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1 ಸೋಲೂ ಇತ್ತು. ಅಂದೇ ಅವರನ್ನು ಬೇಡ ಅಂದು ಬಿಟ್ಟುಬಿಟ್ಟಿದ್ದರೆ ಮೆಲ್ಬರ್ನೂ ಇರುತ್ತಿರಲಿಲ್ಲ, 1962ರ ಜಕಾರ್ತವೂ ಇರುತ್ತಿರಲಿಲ್ಲ.

ಇಲ್ಲಿ ನಷ್ಟವಾಗುವುದು ಮಾಸ್ತರಿಗೆ ಮಾತ್ರ ಅಲ್ಲ. ತನ್ನ ಮಾಸ್ತರನ್ನು ಅಪ್ಪನೇ ಎಲ್ಲರೆದುರು ಬೈಯುವುದನ್ನು ಕಂಡ ಹುಡುಗ ಮುಂದಿನ ವಾರ ಮೈದಾನಕ್ಕೆ ಬರುವುದಿಲ್ಲ. ಹುಡುಗಿಯರಂತೂ ಮೊದಲೇ ಕಷ್ಟಪಟ್ಟು ಮನೆಯವರನ್ನು ಒಪ್ಪಿಸಿ ಬಂದಿರುತ್ತಾರೆ. ಒಂದು ಗಲಾಟೆ ಸಾಕು, ‘ನಿಂಗ್ಯಾಕಮ್ಮಾ ಇದೆಲ್ಲಾ’ ಎಂದು ನಿಲ್ಲಿಸಿಬಿಡುತ್ತಾರೆ. ಎರಡು ಮೂರು ವರ್ಷ ಬೆಳೆಸಿದ ತಂಡ ಒಂದೇ ಸಂಜೆಯಲ್ಲಿ ಚೆದುರಿ ಹೋಗುತ್ತದೆ.

ಆದ್ದರಿಂದ ಒಂದೆರಡು ಮಾತು. ಶಾಲೆ ಕಾಲೇಜುಗಳ ಆಡಳಿತದವರು ಕೋಚ್‌ಗೆ ಕನಿಷ್ಠ ಮೂರು ವರ್ಷ ಸಮಯ ಕೊಡಲಿ, ಬೂಟು ಚೆಂಡಿಗೆ ಪ್ರತಿ ಸಲ ಕೈಚಾಚುವ ಸ್ಥಿತಿ ತಪ್ಪಿಸಲಿ. ಜಿಲ್ಲಾ ಕ್ರೀಡಾ ಇಲಾಖೆ ಊಟಿಯ ಮೈದಾನವನ್ನು ಮಾತ್ರ ನೋಡದೆ, ಗೂಡಲೂರು ಮಸಿನಗುಡಿ ಕಡೆಗೂ ಗಮನ ಕೊಡಲಿ. ಅಭ್ಯಾಸದ ದಿನ ಮಕ್ಕಳನ್ನು ಮನೆ ಮುಟ್ಟಿಸುವ ಒಂದು ಗಾಡಿಯ ವ್ಯವಸ್ಥೆಯಾದರೆ ಅರ್ಧ ಸಮಸ್ಯೆ ಮುಗಿಯಿತು. ಕೋಚ್‌ನ ಕೆಲಸ ಸರಿಯಿಲ್ಲ ಎನಿಸಿದರೆ ಪೋಷಕರು ಮಾರನೇ ದಿನ ಶಾಲೆಗೆ ಹೋಗಿ ಕೂತು ಮಾತಾಡಲಿ. ತಪ್ಪಿದ್ದರೆ ತಿದ್ದಿಕೊಳ್ಳಲು ಅವರಿಗೂ ಮರ್ಯಾದೆಯ ದಾರಿ ಬೇಕಲ್ಲವೇ?

ಟೀ ಅಂಗಡಿಯ ಜಗಳ ಬೇಕಾದರೆ ನಡೆಯಲಿ, ಅದಿಲ್ಲದೆ ಗೂಡಲೂರಿನ ಸಂಜೆ ಸಪ್ಪೆ. ಆದರೆ ಮುಂದಿನ ಭಾನುವಾರ ನಮ್ಮ ಮಕ್ಕಳ ತಂಡ ಸೋತರೆ, ಕೂಗುವ ಮೊದಲು ಆ ನಾಲ್ಕು ಪ್ರಶ್ನೆ ನೆನಪಾಗಲಿ. ಆಮೇಲೆ ಬೇಲಿ ದಾಟಿ ಹೋಗಿ ಮಾಸ್ತರ ಹತ್ತಿರ ‘ಮುಂದಿನ ಮ್ಯಾಚ್‌ಗೆ ಏನ್ ಬೇಕು ಸಾರ್?’ ಎಂದು ಒಂದು ಮಾತು ಕೇಳಿ ಬನ್ನಿ.